ಯುದ್ಧಕ್ಕೊಂದು ನೆಪ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಈಗಲೂ ಮಂಗಳೂರು, ಉಡುಪಿ ಕಡೆಯ ಕಾಲೇಜುಗಳು, ಓದುಗರ ಕೂಟಗಳು ಆಗಾಗ ಮಾತಿಗೆ ಕರೆಯುತ್ತವೆ. ಸರ್ಕಾರಗಳು ಯುದ್ಧಕ್ಕೆ ನೆಪ ಹುಡುಕುವ ಬಗೆಯನ್ನು ಮಾತಾಡಿದ ದಿನ ಗೋಳಿಬಜೆ ಖಾಲಿಯಾದರೂ ಪ್ರಶ್ನೆ ಖಾಲಿಯಾಗುವುದಿಲ್ಲ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಉದ್ದುದ್ದ ಬರೆದು ಸಾಕಾಗಿ ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಧಾಟಿಯನ್ನು ಆದಷ್ಟು ಬದಲಿಸಿಲ್ಲ.

ಶಕ್ತಿ ಇದ್ದವನಿಗೆ ನೆಪ ಯಾಕೆ ಸರ್? ನೇರ ಹೋಗಿ ಹೊಡೆದರಾಯ್ತಲ್ಲ?

ಹೊಡೆಯುವುದು ಸುಲಭ, ಹೊಡೆಯಲಿಕ್ಕೆ ಜನರನ್ನು ಹೊರಡಿಸುವುದು ಕಷ್ಟ. ಸೈನಿಕನ ತಾಯಿಗೆ, ತೆರಿಗೆ ಕಟ್ಟುವ ಅಂಗಡಿಯವನಿಗೆ, ಮತ ಹಾಕಬೇಕಾದ ಸಂಸದನಿಗೆ, ಸಾಲ ಕೊಡುವ ಮಿತ್ರದೇಶಕ್ಕೆ ಏನಾದರೊಂದು ಉತ್ತರ ಕೊಡಬೇಕಲ್ಲ. ‘ಆ ಬಂದರು ನಮಗೆ ಬೇಕಿತ್ತು’ ಎಂದರೆ ಯಾರೂ ಮನೆಮಗನನ್ನು ಕಳಿಸುವುದಿಲ್ಲ. ‘ಅವರು ನಮ್ಮವರನ್ನು ಕೊಂದರು’ ಎಂದರೆ ಕರೆಯದೆಯೇ ಬರುತ್ತಾರೆ.

ನಮ್ಮ ಕಡೆಯವರಿಗೆ ತಾಳಮದ್ದಳೆಯ ಉದಾಹರಣೆ ಕೊಟ್ಟರೆ ಬೇಗ ಹಿಡಿಸುತ್ತದೆ. ಕೃಷ್ಣ ಸಂಧಾನಕ್ಕೆ ಹೊರಟಾಗ ಯುದ್ಧ ಆಗಿಯೇ ತೀರುತ್ತದೆಂದು ಕೇಳಲು ಕೂತ ಅಜ್ಜಿಗೂ ಗೊತ್ತು, ಕೃಷ್ಣನಿಗಂತೂ ಗೊತ್ತೇ ಉಂಟು. ಆದರೂ ಹೋಗಿ ಐದೂರು ಕೇಳುತ್ತಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆ ಎಂದು ಕೌರವ ಹೇಳಿದ ಕ್ಷಣಕ್ಕೆ ಯುದ್ಧದ ಹೊಣೆ ಅವನ ಹೆಗಲೇರಿತು. ನುರಿತ ಅರ್ಥಧಾರಿ ಕೌರವನಾಗಿ ಕೂತ ರಾತ್ರಿ ಇದನ್ನೇ ಹಿಡಿದು ಜಗ್ಗುತ್ತಾನೆ: ನೀನು ಬಂದದ್ದು ಊರು ಕೇಳಲಿಕ್ಕಲ್ಲ, ನನ್ನ ಬಾಯಿಂದ ‘ಇಲ್ಲ’ ಎನ್ನಿಸಲಿಕ್ಕೆ! ಸಂಧಾನವೂ ಯುದ್ಧದ ತಯಾರಿಯೇ ಆಗಬಹುದು ಎಂದು ನಾನು ಕಲಿತದ್ದು ಪುಸ್ತಕದಿಂದಲ್ಲ, ಇಂಥ ರಾತ್ರಿಗಳಿಂದ.

ಕಾನೂನಿನ ಮಾತೂ ಉಂಟು. 1945ರ ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಇನ್ನೊಂದು ದೇಶದ ಮೇಲೆ ಬಲಪ್ರಯೋಗವನ್ನು ನಿಷೇಧಿಸಿತು. 51ನೇ ವಿಧಿ ಆತ್ಮರಕ್ಷಣೆಗೆ ಅವಕಾಶ ಇಟ್ಟಿತು. ಭದ್ರತಾ ಮಂಡಳಿಯ ಒಪ್ಪಿಗೆ ಸಿಗದವರಿಗೆ ಉಳಿದದ್ದು ಆ ಒಂದು ಬಾಗಿಲು. ಹಾಗಾಗಿ ಈಗ ಯಾರೂ ಯುದ್ಧ ‘ಮಾಡುವುದಿಲ್ಲ’, ಎಲ್ಲರೂ ‘ರಕ್ಷಿಸಿಕೊಳ್ಳುತ್ತಾರೆ’. ಯುದ್ಧವನ್ನು ತಡೆಯಲೆಂದು ಬಂದ ಕಾನೂನು ನೆಪದ ಬೆಲೆಯನ್ನು ಏರಿಸಿತು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ.

ನೆಪ ಅಂದರೆ ಸುಳ್ಳು ಅಂತಲೇ ಅರ್ಥವಾ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಶುದ್ಧ ಸುಳ್ಳಿನ ಮೇಲೆ ನಿಂತ ಯುದ್ಧಗಳು ಉಂಟು, ಆದರೆ ಕಡಿಮೆ. ಎದುರಾಳಿಯನ್ನು ಕೆಣಕಿ ಅವನೇ ಮೊದಲು ಕೈ ಎತ್ತುವಂತೆ ಮಾಡುವುದು ಅದಕ್ಕಿಂತ ಹೆಚ್ಚು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತೇವಲ್ಲ, ಅದು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ನಿಜವಾಗಿ ನಡೆದ ಒಂದು ಸಣ್ಣ ಸಂಗತಿಯನ್ನು ಎತ್ತಿಕೊಂಡು, ಮೊದಲೇ ಮನಸ್ಸಿನಲ್ಲಿದ್ದ ಯುದ್ಧಕ್ಕೆ ಜೋಡಿಸುವುದು.

ಹೀಗಿರುವಾಗ ‘ಘಟನೆ ನಡೆಯಿತಾ ಇಲ್ಲವಾ’ ಎಂದಷ್ಟೇ ಕೇಳುತ್ತಾ ಕೂತರೆ ಅರ್ಧ ವಿಷಯ ಕೈತಪ್ಪುತ್ತದೆ. ಘಟನೆಯ ಹಿಂದಿನ ದಿನ ಏನೇನು ಸಿದ್ಧವಾಗಿತ್ತು ಎಂದು ಕೇಳಬೇಕು. ಕೆಳಗಿನ ಉತ್ತರಗಳಲ್ಲೆಲ್ಲ ನಾನು ತಡಕಾಡುವುದು ಅದನ್ನೇ.

ಇದೆಲ್ಲ ಯುರೋಪು, ಅಮೆರಿಕದ ಕಥೆ. ನಮ್ಮ ಊರಿಗೆ ಏನು ಸಂಬಂಧ?

ನಮ್ಮ ಬಂದರಿಗೇ ಸಂಬಂಧ ಉಂಟು ಮಾರಾಯ್ರೆ!

1797ರಲ್ಲಿ ರಿಪೋ ಎಂಬ ಫ್ರೆಂಚನ ಹಡಗು ಜಖಂ ಆಗಿ ಮಂಗಳೂರಿಗೆ ಬಂತು. ಆಗ ಇದು ಟಿಪ್ಪು ಸುಲ್ತಾನನ ಮುಖ್ಯ ಬಂದರು. ರಿಪೋ ದೊಡ್ಡ ಬಾಯಿಯ ಮನುಷ್ಯ. ಈಗ ಮಾರಿಷಸ್ ಎನ್ನುವ ದ್ವೀಪದಲ್ಲಿ ಫ್ರೆಂಚ್ ಸೈನ್ಯ ತಯಾರಾಗಿ ಕೂತಿದೆ, ಕರೆದರೆ ಬಂದೀತು ಎಂದು ನಂಬಿಸಿದ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡಿದ್ದ ಟಿಪ್ಪುವಿಗೆ ಇದು ಬೇಕಾಗಿದ್ದ ಮಾತು. ಗುಟ್ಟಾಗಿ ರಾಯಭಾರಿಗಳನ್ನು ಮಂಗಳೂರಿನಿಂದಲೇ ಹಡಗು ಹತ್ತಿಸಿದ.

ಅಲ್ಲಿಗೆ ಹೋಗಿ ನೋಡಿದರೆ ಸೈನ್ಯವೂ ಇಲ್ಲ, ಮಣ್ಣೂ ಇಲ್ಲ. ದ್ವೀಪದ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಒಂದು ವಿಚಿತ್ರ ಕೆಲಸ ಮಾಡಿದ. ಟಿಪ್ಪು ಇಂಗ್ಲಿಷರ ವಿರುದ್ಧ ನಮ್ಮ ನೆರವು ಕೇಳಿದ್ದಾನೆ, ಬರುವವರು ಹೆಸರು ಕೊಡಿ ಎಂದು ಘೋಷಣೆ ಅಚ್ಚು ಹಾಕಿಸಿ ಬಹಿರಂಗವಾಗಿ ಅಂಟಿಸಿಬಿಟ್ಟ. ಗುಟ್ಟು ಗೋಡೆಯ ಮೇಲೆ ಬಂತು. ಏಪ್ರಿಲ್ ಕೊನೆಗೆ ಮಂಗಳೂರಿನಲ್ಲಿ ಇಳಿದವರು ಸುಮಾರು ನೂರು ಜನ. ಹತ್ತು ಸಾವಿರವಲ್ಲ, ನೂರು. ನಮ್ಮಲ್ಲಿ ಒಂದು ಮದುವೆಗೆ ದಿಬ್ಬಣ ಬರುವಷ್ಟೂ ಇಲ್ಲ.

ಇದೇ ಹೊತ್ತಿಗೆ ಕಲ್ಕತ್ತೆಗೆ ಹೊಸ ಗವರ್ನರ್ ಜನರಲ್ ಆಗಿ ವೆಲ್ಲೆಸ್ಲಿ ಬಂದಿಳಿದ. ಜೂನ್‌ನಲ್ಲಿ ಘೋಷಣೆಯ ಸುದ್ದಿ ಅವನ ಕೈಗೆ ಸಿಕ್ಕಿತು. ಕೂಡಲೇ ಮದ್ರಾಸಿಗೆ ಯುದ್ಧ ಸಿದ್ಧತೆಯ ಆದೇಶ ಹೋಯಿತು. ಮದ್ರಾಸಿನವರು ‘ದುಡ್ಡಿಲ್ಲ, ಎತ್ತುಗಳಿಲ್ಲ, ಈಗಲೇ ಆಗದು’ ಎಂದದ್ದರಿಂದ ಕೆಲವು ತಿಂಗಳು ತಡವಾಯಿತು ಅಷ್ಟೆ. ಅಷ್ಟರಲ್ಲಿ ಆಗಸ್ಟ್ 1ರಂದು ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ ಇಂಗ್ಲಿಷರ ನೌಕಾಧಿಪತಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ನುಚ್ಚುನೂರು ಮಾಡಿದ್ದ. ಫ್ರೆಂಚರು ಸಮುದ್ರದ ಮೇಲೆ ಬಂದು ಟಿಪ್ಪುವನ್ನು ಸೇರುವ ಭಯ ಬಹುಮಟ್ಟಿಗೆ ಅಲ್ಲಿಗೇ ಮುಳುಗಿತು. ಆ ಸುದ್ದಿ ಅಕ್ಟೋಬರ್ ಕೊನೆಗೆ ಭಾರತ ಮುಟ್ಟಿತು. ಯುದ್ಧ ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ. 1799ರ ಫೆಬ್ರವರಿಯಲ್ಲಿ ಸೈನ್ಯ ಹೊರಟಿತು, ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ನಮ್ಮ ಕರಾವಳಿ ಇಡಿಯಾಗಿ ಕಂಪೆನಿಯ ಕೆನರಾ ಆಯಿತು, ಮನ್ರೋ ಕಲೆಕ್ಟರ್ ಆಗಿ ಬಂದು ಕಂದಾಯದ ಲೆಕ್ಕ ಬಿಚ್ಚಿದ.

ಟಿಪ್ಪು ಫ್ರೆಂಚರ ನೆರವು ಕೇಳಿದ್ದು ಸುಳ್ಳಲ್ಲ. ಅವನು ಮತ್ತೊಂದು ಯುದ್ಧ ಬಯಸಿದ್ದೂ ಸುಳ್ಳಲ್ಲ. ಕಂಪೆನಿಗೆ ಸಿಟ್ಟು ಬರಲು ಕಾರಣ ಇತ್ತು. ಆದರೆ ನೂರು ಜನರ ಬೆದರಿಕೆಗೂ ಒಂದು ರಾಜ್ಯವನ್ನೇ ನುಂಗಿದ ಉತ್ತರಕ್ಕೂ ನಡುವಿನ ಅಂತರ ನೋಡಿ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ಬೇರೆ. ಸಭೆಯಲ್ಲಿ ಅದು ಎದ್ದ ಕೂಡಲೇ ನಾನು ಚಹಾಕ್ಕೆ ಎದ್ದುಬಿಡುತ್ತೇನೆ.

ಪೂರ್ತಿ ನಾಟಕ ಆಡಿ ಯುದ್ಧ ಮಾಡಿದ್ದು ಉಂಟಾ? ಪುರಾವೆ ಸಮೇತ?

ಉಂಟು. ಮೂರು ಹೇಳುತ್ತೇನೆ, ಮೂರೂ 1930ರ ದಶಕದವು.

1931ರ ಸೆಪ್ಟೆಂಬರ್ 18ರ ರಾತ್ರಿ ಚೀನಾದ ಮಂಚೂರಿಯಾದಲ್ಲಿ ಮುಕ್ದೆನ್ ಪಟ್ಟಣದ ಹತ್ತಿರ ಜಪಾನೀಯರ ರೈಲು ಹಳಿಯ ಬಳಿ ಒಂದು ಸ್ಫೋಟವಾಯಿತು. ಇಟ್ಟವರು ಅಲ್ಲಿದ್ದ ಜಪಾನಿ ಸೈನ್ಯದ ಅಧಿಕಾರಿಗಳೇ. ಹಳಿಗೆ ಎಷ್ಟು ಕಡಿಮೆ ಪೆಟ್ಟಾಯಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಒಂದು ರೈಲು ಅದರ ಮೇಲಿಂದಲೇ ದಾಟಿ ಹೋಯಿತು. ಆದರೆ ಮುಕ್ದೆನ್‌ನ ಜಪಾನಿ ಠಾಣೆಯೊಳಗೆ ಎರಡು ಭಾರೀ ಫಿರಂಗಿಗಳನ್ನು ಮೊದಲೇ ಗುಟ್ಟಾಗಿ ತಂದು ಕೂರಿಸಿದ್ದರು. ‘ಚೀನೀಯರು ಹಳಿ ಒಡೆದರು’ ಎಂದು ಫಿರಂಗಿ ಹಾರಿಸಿ, ಬೆಳಗಾಗುವುದರೊಳಗೆ ಪಟ್ಟಣ ಹಿಡಿದರು. ವಿಶೇಷವೆಂದರೆ ಈ ನಾಟಕ ಟೋಕಿಯೋ ಸರ್ಕಾರದ ಅಪ್ಪಣೆಯಿಂದ ಆದದ್ದಲ್ಲ. ಕೆಳಗಿನ ಅಧಿಕಾರಿಗಳು ಯುದ್ಧ ಹಚ್ಚಿದರು, ಸರ್ಕಾರ ಹಿಂದೆ ಓಡಿತು. ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರಸಂಘದ ಲಿಟ್ಟನ್ ಆಯೋಗ 1932ರಲ್ಲಿ ‘ಇದು ಆತ್ಮರಕ್ಷಣೆ ಅಲ್ಲ’ ಎಂದಿತು. ಜಪಾನ್ ಮರುವರ್ಷ ಸಂಘವನ್ನೇ ಬಿಟ್ಟು ನಡೆಯಿತು.

ಎರಡನೆಯದು ಜರ್ಮನಿಯ ಗಡಿಪಟ್ಟಣ ಗ್ಲೈವಿಟ್ಸ್‌ನದು, ಇನ್ನೂ ಕ್ರೂರ. 1939ರ ಆಗಸ್ಟ್ 31ರ ರಾತ್ರಿ ನೌಯೋಕ್ಸ್ ಎಂಬ, ಹಿಟ್ಲರನ ಎಸ್‌ಎಸ್ ಪಡೆಯ ಅಧಿಕಾರಿಯ ತಂಡ ಪೋಲಿಷ್ ದಂಗೆಕೋರರ ಸೋಗಿನಲ್ಲಿ ಗಡಿಯ ಜರ್ಮನ್ ರೇಡಿಯೋ ಕೇಂದ್ರಕ್ಕೆ ನುಗ್ಗಿತು. ಪೋಲಿಷ್ ಭಾಷೆಯಲ್ಲಿ ಭಾಷಣ ಬಿತ್ತರಿಸಬೇಕೆಂಬುದು ಯೋಜನೆ. ಆದರೆ ಅದು ಮರುಪ್ರಸಾರದ ಕೇಂದ್ರ, ಸ್ಟುಡಿಯೋ ಮೈಕ್ ಅಲ್ಲಿರಲಿಲ್ಲ. ಗುಡುಗು ಸಿಡಿಲಿನ ಎಚ್ಚರಿಕೆ ಕೊಡಲು ಇಟ್ಟಿದ್ದ ಮೈಕ್ ಹುಡುಕಿ ಅದರಲ್ಲಿ ನಾಲ್ಕು ಮಾತು ಕೂಗಿದರು. ಸಾಕ್ಷಿಗೆ ಹೆಣ ಬೇಕಿತ್ತು. ಹಿಂದಿನ ದಿನ ಹಿಡಿದಿಟ್ಟಿದ್ದ ಫ್ರಾಂಚಿಷೆಕ್ ಹೋನಿಯೋಕ್ ಎಂಬಾತನಿಗೆ ಮಂಪರು ಬರಿಸಿ ತಂದು ಅಲ್ಲಿ ಕೊಂದರು. ಪೋಲಿಷರ ಪರ ಒಲವಿದ್ದ ಸ್ಥಳೀಯ ಮನುಷ್ಯ ಎಂಬುದಷ್ಟೇ ಅವನ ಅರ್ಹತೆ. ಮರುದಿನ ಬೆಳಿಗ್ಗೆ ಹಿಟ್ಲರ್ ‘ಗಡಿಯಲ್ಲಿ ಪೋಲಿಷರ ಅತಿಕ್ರಮಣ’ ಎಂದು ಭಾಷಣ ಬಿಗಿದ. ಪೋಲೆಂಡ್ ಮೇಲಿನ ದಾಳಿಗೆ ಮೊದಲು ಗೊತ್ತು ಮಾಡಿದ್ದ ದಿನ ಆಗಸ್ಟ್ 26, ಕೊನೆಗಳಿಗೆಯಲ್ಲಿ ಮುಂದೆ ಹಾಕಿದ್ದರು. ಅಂದರೆ ರೇಡಿಯೋ ಕೇಂದ್ರಕ್ಕೆ ‘ದಾಳಿ’ ಆಗುವ ಮೊದಲೇ ಅದರ ಪ್ರತೀಕಾರಕ್ಕೆ ತಾರೀಕು ಬಿದ್ದಿತ್ತು! ಯುದ್ಧದ ನಂತರ ನೌಯೋಕ್ಸ್ ನ್ಯೂರೆಂಬರ್ಗ್ ವಿಚಾರಣೆಗೆ ಪ್ರಮಾಣಪತ್ರ ಬರೆದುಕೊಟ್ಟದ್ದರಿಂದ ಇದೆಲ್ಲ ಹೊರಬಿತ್ತು.

ಮೂರನೆಯದು ಮೈನಿಲಾ. 1939ರ ನವೆಂಬರ್ 26ರಂದು ಈ ಸೋವಿಯತ್ ಗಡಿಹಳ್ಳಿಯ ಮೇಲೆ ಫಿನ್‌ಲ್ಯಾಂಡ್ ಶೆಲ್ ಹಾಕಿತು ಎಂದು ಮಾಸ್ಕೋ ದೂರಿತು. ಫಿನ್‌ಲ್ಯಾಂಡ್ ತನ್ನ ಫಿರಂಗಿಗಳನ್ನು ಗುರಿ ಮುಟ್ಟದಷ್ಟು ಹಿಂದಕ್ಕೆ ಎಳೆದಿಟ್ಟಿತ್ತು, ಜಂಟಿ ತನಿಖೆಗೆ ಬನ್ನಿ ಎಂದೂ ಕರೆಯಿತು. ನಾಲ್ಕೇ ದಿನಕ್ಕೆ ದಾಳಿ ಶುರು, ಅದರ ಮರುದಿನವೇ ಫಿನ್‌ಲ್ಯಾಂಡಿಗೊಂದು ಕೈಗೊಂಬೆ ಸರ್ಕಾರದ ಘೋಷಣೆ. ಸರ್ಕಾರ ಒಂದು ರಾತ್ರಿಯಲ್ಲಿ ಹುಟ್ಟುವ ವಸ್ತುವಲ್ಲ.

‘ಫಾಲ್ಸ್ ಫ್ಲ್ಯಾಗ್’ ಅಂತಾರಲ್ಲ, ಅದು ಇದೇನಾ?

ಇದೇ. ಮಾತು ಹುಟ್ಟಿದ್ದು ಸಮುದ್ರದಲ್ಲಿ. ಬೇರೆಯವರ ಬಾವುಟ ಹಾರಿಸಿಕೊಂಡು ಶತ್ರು ಹಡಗಿನ ಹತ್ತಿರ ಹೋಗುವುದು ಹಳೆಯ ಯುದ್ಧತಂತ್ರ. ಗುಂಡು ಹಾರಿಸುವ ಮೊದಲು ಸ್ವಂತ ಬಾವುಟ ಏರಿಸಬೇಕೆಂಬ ಮರ್ಯಾದೆಯೂ ಇತ್ತು. ಗ್ಲೈವಿಟ್ಸ್‌ನವರಿಗೆ ಆ ಮರ್ಯಾದೆಯೂ ಇರಲಿಲ್ಲ.

ಸುಳ್ಳು ಹೇಳದೆ, ಗುಂಡು ಹಾರಿಸದೆ ಇನ್ನೊಬ್ಬರನ್ನು ಯುದ್ಧಕ್ಕೆ ಎಳೆಯಬಹುದಾ?

ಜರ್ಮನ್ ರಾಜ್ಯ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ಎಳೆದ, ಅದೂ ಕತ್ತರಿಯಿಂದ. 1870ರ ಜುಲೈ 13ರಂದು ಎಮ್ಸ್ ಎಂಬಲ್ಲಿ ಪ್ರಷ್ಯದ ರಾಜನನ್ನು ಫ್ರೆಂಚ್ ರಾಯಭಾರಿ ಭೇಟಿಯಾದ. ಸ್ಪೇನ್ ಸಿಂಹಾಸನಕ್ಕೆ ನಿಮ್ಮ ಮನೆತನದವರು ಇನ್ನು ಎಂದೂ ಆಸೆಪಡುವುದಿಲ್ಲವೆಂದು ಮಾತು ಕೊಡಿ ಎಂದು ಒತ್ತಾಯಿಸಿದ. ರಾಜ ನಯವಾಗಿಯೇ ಒಪ್ಪಲಿಲ್ಲ. ಈ ಸಂಗತಿಯ ತಂತಿ ಬರ್ಲಿನ್‌ಗೆ ಬಂದಾಗ ಬಿಸ್ಮಾರ್ಕ್ ಇಬ್ಬರು ಸೇನಾ ಗೆಳೆಯರೊಂದಿಗೆ ಊಟಕ್ಕೆ ಕೂತಿದ್ದ. ಒಂದು ಶಬ್ದವನ್ನೂ ತಾನು ಸೇರಿಸಲಿಲ್ಲ, ಬರೀ ಕಡಿದೆ ಎಂದು ಆಮೇಲೆ ತಾನೇ ಜಂಬದಿಂದ ಬರೆದುಕೊಂಡ. ನಯದ ಮಾತುಗಳೆಲ್ಲ ಉದುರಿದ ಮೇಲೆ ಉಳಿದದ್ದು ರಾಯಭಾರಿಯ ಮುಖಕ್ಕೆ ಬಾಗಿಲು ಹಾಕಿದಂತೆ ಓದಿಸಿಕೊಳ್ಳುವ ತಂತಿ. ಪ್ಯಾರಿಸ್ಸಿನ ಜನ ಬೀದಿಗಿಳಿದರು. ಜುಲೈ 19ಕ್ಕೆ ಫ್ರಾನ್ಸೇ ಯುದ್ಧ ಘೋಷಿಸಿತು. ದಾಖಲೆಯ ಪ್ರಕಾರ ದಾಳಿಕೋರ ಫ್ರಾನ್ಸ್!

ಕಾಲು ಕೆರೆದು ಜಗಳಕ್ಕೆ ಹೋಗುವವನನ್ನು ನಾವು ಬೈಯುತ್ತೇವೆ. ಎದುರಿನವನ ಕಾಲನ್ನೇ ಕೆರೆಸುವವನು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ವಿಯೆಟ್ನಾಂ ಯುದ್ಧ ನಡೆಯದ ದಾಳಿಯಿಂದ ಶುರುವಾಯಿತು ಅಂತಾರೆ. ಹೌದಾ?

ಅರ್ಧ ಹೌದು. ನಡೆದದ್ದೂ ಒಂದು, ನಡೆಯದ್ದೂ ಒಂದು.

1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಮ್ಯಾಡಾಕ್ಸ್ ಹಡಗಿನ ಮೇಲೆ ಉತ್ತರ ವಿಯೆಟ್ನಾಮಿನ ಮೂರು ಟಾರ್ಪಿಡೋ ದೋಣಿಗಳು ನುಗ್ಗಿದ್ದು ನಿಜ. ಅದಕ್ಕೆ ಒಂದೆರಡು ದಿನ ಮುಂಚೆ ಅಮೆರಿಕದ ಯೋಜನೆಯಂತೆ ದಕ್ಷಿಣ ವಿಯೆಟ್ನಾಮಿನ ದೋಣಿಗಳು ಅಲ್ಲಿನ ದ್ವೀಪಗಳ ಮೇಲೆ ರಾತ್ರಿ ದಾಳಿ ಮಾಡಿದ್ದವು. ಅಮೆರಿಕದ ಜನರಿಗೆ ಇದನ್ನು ಹೇಳಲಿಲ್ಲ. ಅವರ ಕಣ್ಣಿಗೆ ಸುಮ್ಮನೆ ಹೋಗುತ್ತಿದ್ದ ಹಡಗಿಗೆ ಹೊಡೆದಂತೆ ಕಂಡಿತು.

ಆಗಸ್ಟ್ 4ರ ರಾತ್ರಿ ಹವೆ ಕೆಟ್ಟಿತ್ತು. ಮ್ಯಾಡಾಕ್ಸ್ ಮತ್ತು ಜೊತೆಯ ಟರ್ನರ್ ಜಾಯ್ ಹಡಗಿನವರು ರಾಡಾರ್‌ನಲ್ಲಿ ಕಂಡ ಚುಕ್ಕಿಗಳಿಗೆ ಗಂಟೆಗಟ್ಟಲೆ ಗುಂಡು ಹಾರಿಸಿದರು. ಮೇಲೆ ಹಾರಾಡುತ್ತಿದ್ದ ಪೈಲಟ್ ಸ್ಟಾಕ್‌ಡೇಲ್‌ಗೆ ಕಂಡದ್ದು ಕಪ್ಪು ನೀರು ಮತ್ತು ಸ್ವಂತ ಹಡಗುಗಳ ಗುಂಡು. ಹಡಗಿನಲ್ಲಿದ್ದ ಕಮಾಂಡರ್ ಹೆರಿಕ್ ಕೆಲವೇ ಗಂಟೆಗಳಲ್ಲಿ ‘ಹವೆಯಿಂದ ರಾಡಾರ್ ಮೋಸ ಮಾಡಿರಬಹುದು, ನೀರೊಳಗಿನ ಸದ್ದು ಕೇಳುವ ಸೋನಾರ್ ಯಂತ್ರದ ಹುಡುಗರು ಅತಿ ಉತ್ಸಾಹ ತೋರಿರಬಹುದು, ಪೂರ್ತಿ ಪರಿಶೀಲಿಸಿ ಆಮೇಲೆ ಮುಂದುವರಿಯಿರಿ’ ಎಂಬರ್ಥದ ಸಂದೇಶ ಕಳಿಸಿದ. ಅಂದೇ ರಾತ್ರಿ ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಬಂದು ಬಾಂಬ್ ದಾಳಿಯನ್ನು ಘೋಷಿಸಿದರು. ಅಲ್ಲಿ ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಆಗಸ್ಟ್ 7ಕ್ಕೆ ಅಮೆರಿಕದ ಸಂಸತ್ತಿನಲ್ಲಿ ಪಾಸಾಯಿತು. ಕೆಳಮನೆಯಲ್ಲಿ 416 ಮತ, ವಿರೋಧ ಸೊನ್ನೆ. ಸೆನೆಟ್‌ನಲ್ಲಿ 88ಕ್ಕೆ 2. ಬೇಡವೆಂದ ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ 1968ರ ಚುನಾವಣೆಯ ವರ್ಷದಲ್ಲಿ ಸ್ಥಾನ ಕಳೆದುಕೊಂಡರು.

ಇಂಥದೊಂದು ನಿರ್ಣಯದ ಕರಡನ್ನು ಅಧಿಕಾರಿಗಳು ಆ ಬೇಸಿಗೆಯ ಆರಂಭದಲ್ಲೇ ಬರೆದಿಟ್ಟಿದ್ದರು. ಎರಡನೆಯ ದಾಳಿ ನಡೆದೇ ಇರಲಿಲ್ಲ, ಗುಪ್ತಚರ ಮಾಹಿತಿಯನ್ನು ದಾಳಿ ನಡೆದಂತೆ ಕಾಣುವ ಹಾಗೆ ಜೋಡಿಸಲಾಗಿತ್ತು ಎಂದು ಅಮೆರಿಕದ ಗುಪ್ತಚರ ಸಂಸ್ಥೆಯ ಸ್ವಂತ ಇತಿಹಾಸಕಾರನೇ ಬರೆದ ವರದಿ 2005ರಲ್ಲಿ ಬಹಿರಂಗವಾಯಿತು. ನಡುವೆ 58,000ಕ್ಕೂ ಹೆಚ್ಚು ಅಮೆರಿಕನ್ನರೂ ಲಕ್ಷಾಂತರ ವಿಯೆಟ್ನಾಮೀಯರೂ ಸತ್ತಿದ್ದರು.

ಯಾರೋ ಕೂತು ಹೆಣೆದ ಸುಳ್ಳು ಇದಾಗಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಮೊದಲು ತಪ್ಪು ತಿಳಿದರು, ಆಮೇಲೆ ತಿದ್ದಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ.

ಅಪಘಾತವನ್ನೇ ದಾಳಿ ಎಂದು ತೋರಿಸಿದ್ದು?

1898ರ ಫೆಬ್ರವರಿ 15, ಆಗ ಸ್ಪೇನ್ ವಶದಲ್ಲಿದ್ದ ಕ್ಯೂಬಾದ ಹವಾನಾ ಬಂದರು. ಅಮೆರಿಕದ ಮೇಯ್ನ್ ಎಂಬ ಯುದ್ಧನೌಕೆ ಸ್ಫೋಟಿಸಿ 260ಕ್ಕೂ ಹೆಚ್ಚು ನಾವಿಕರು ಸತ್ತರು. ಸ್ಪೇನ್‌ನವರೇ ಮಾಡಿದ್ದೆಂದು ಪತ್ರಿಕೆಗಳು ಕೂಗೆಬ್ಬಿಸಿದವು, ಏಪ್ರಿಲ್‌ಗೆ ಯುದ್ಧ. 1976ರಲ್ಲಿ ಅಡ್ಮಿರಲ್ ರಿಕೋವರ್ ತಂಡ ಮತ್ತೆ ಪರಿಶೀಲಿಸಿ, ಬಹುಶಃ ಹಡಗಿನ ಕಲ್ಲಿದ್ದಲಿಗೆ ಹತ್ತಿದ ಬೆಂಕಿ ಪಕ್ಕದ ಮದ್ದಿಗೆ ತಗುಲಿತು ಎಂದಿತು. ಅಷ್ಟರಲ್ಲಿ ಸ್ಪೇನ್ ಸಾಮ್ರಾಜ್ಯ ಹೋಗಿ ಎಪ್ಪತ್ತೆಂಟು ವರ್ಷ.

ನಮ್ಮ ಮಾವ ಕುವೈತ್‌ನಲ್ಲಿದ್ದರು. ಇರಾಕ್ ದಾಳಿ ನಾಟಕವಲ್ಲ ಸರ್, ಅವರು ಕಣ್ಣಾರೆ ಕಂಡಿದ್ದಾರೆ.

ನನ್ನ ಸೋದರಮಾವನೂ ಕಂಡಿದ್ದಾರೆ. 1990ರ ಆಗಸ್ಟ್ 2ರ ಬೆಳಿಗ್ಗೆ ಎದ್ದರೆ ಬೀದಿಯಲ್ಲಿ ಟ್ಯಾಂಕು. ಹದಿನೈದು ವರ್ಷದ ದುಡಿಮೆಯನ್ನು ಬಿಟ್ಟು, ಒಂದು ಏರ್‌ಬ್ಯಾಗ್ ಹಿಡಿದು, ಬಸ್ಸಿನಲ್ಲಿ ಇರಾಕ್ ದಾಟಿ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದರು. ಹಾಗೆ ಕರೆತಂದ ಭಾರತೀಯರು 1.7 ಲಕ್ಷಕ್ಕೂ ಹೆಚ್ಚು, ನಮ್ಮ ಎರಡು ಜಿಲ್ಲೆಯವರು ಅದರಲ್ಲಿ ಧಾರಾಳ ಇದ್ದರು. ಆ ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇದ್ದದ್ದು ಬೆಲೆ ಕಳೆದುಕೊಂಡ ಕುವೈತ್ ದಿನಾರ್ ನೋಟು. ಅತ್ತೆ ಅವನ್ನು ಬಹಳ ಕಾಲ ಕಪಾಟಿನ ಸೀರೆಗಳಡಿ ಇಟ್ಟುಕೊಂಡಿದ್ದರು.

ದಾಳಿ ಸತ್ಯ. ಅದರ ಜೊತೆಗೆ ಹೊಲಿದ ಒಂದು ಕಥೆ ಮಾತ್ರ ಸುಳ್ಳು. ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕದ ಸಂಸದರ ಒಂದು ಸಭೆಯ ಮುಂದೆ ಹದಿನೈದು ವರ್ಷದ ಹುಡುಗಿ ಅಳುತ್ತಾ ಸಾಕ್ಷಿ ಹೇಳಿದಳು. ಇರಾಕಿ ಸೈನಿಕರು ಕುವೈತ್ ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದು. ಅಧ್ಯಕ್ಷ ಬುಷ್ ಅದನ್ನು ಸಭೆ ಸಭೆಯಲ್ಲಿ ಹೇಳಿದರು. ಜನವರಿ 12ರಂದು ಸೆನೆಟ್ 52–47ರಲ್ಲಿ ಯುದ್ಧಕ್ಕೆ ಒಪ್ಪಿತು. ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಸಾಕ್ಷಿಯನ್ನು ಏರ್ಪಡಿಸಿದ್ದು ಕುವೈತ್ ಪರವಾಗಿ ದುಡ್ಡು ಪಡೆದ ಪ್ರಚಾರ ಕಂಪೆನಿ ಎಂಬುದು 1992ರಲ್ಲಷ್ಟೇ ಬಯಲಾಯಿತು. ಆ ಕಥೆಯನ್ನು ದೃಢಪಡಿಸುವ ಪುರಾವೆ ಸಿಗಲಿಲ್ಲ.

ನಿಜವಾದ ಅನ್ಯಾಯಕ್ಕೂ ಇಂಥ ಒಗ್ಗರಣೆ ಯಾಕೆ ಬೇಕಾಯಿತು ಎಂದು ಮಾವನನ್ನು ಕೇಳಿದ್ದೆ. ‘ನಮ್ಮ ನೋಟಿನ ಕಥೆ ಕೇಳಿ ಯಾವ ಅಮೆರಿಕದವ ಯುದ್ಧಕ್ಕೆ ಬರ್ತಾನೆ ಮಾರಾಯ’ ಎಂದರು.

ನಮ್ಮ ದೇಶ ಇಂಥದ್ದು ಮಾಡಿಯೇ ಇಲ್ವಾ?

ಈ ಪ್ರಶ್ನೆಗೆ ಸಭೆ ಗಂಭೀರವಾಗುತ್ತದೆ. ನಾನು ಕೊಡುವ ಉದಾಹರಣೆ ಗೋವಾ, ಅದೂ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪ. 1961ರ ನವೆಂಬರ್‌ನಲ್ಲಿ ಪೋರ್ಚುಗೀಸರ ವಶದಲ್ಲಿದ್ದ ಆ ದ್ವೀಪದಿಂದ ಸಾಬರಮತಿ ಎಂಬ ಭಾರತೀಯ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತು. ಅದೇ ದಿನಗಳಲ್ಲಿ ಒಬ್ಬ ಮೀನುಗಾರನೂ ಗುಂಡಿಗೆ ಬಲಿಯಾದ. ದೇಶ ಕೆರಳಿತು. ಡಿಸೆಂಬರ್ 18ಕ್ಕೆ ಸೇನೆ ಗೋವಾ ಹೊಕ್ಕಿತು, 19ಕ್ಕೆ ಪೋರ್ಚುಗೀಸರು ಶರಣಾದರು.

ಗುಂಡು ಹಾರಿದ್ದು ನಿಜ. ಆದರೆ ಗೋವಾಕ್ಕೆ ಸೇನೆ ಹೋದದ್ದು ಆ ಗುಂಡಿಗಾಗಿಯೇ ಎಂದರೆ ಯಾವ ಗೋವೆಯವನೂ ನಗುತ್ತಾನೆ. ನಾಲ್ಕೂವರೆ ಶತಮಾನದ ಪರದೇಶಿ ಆಳ್ವಿಕೆ, ಹದಿನಾಲ್ಕು ವರ್ಷದ ವ್ಯರ್ಥ ಮಾತುಕತೆ, 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು, ಇವು ಕಾರಣ. ಅಂಜದೀವ್‌ನದು ಕಿಡಿ. ಗೋವಾ ಬಿಡುಗಡೆ ನ್ಯಾಯವೆಂದೇ ನಾನು ನಂಬಿದವನು. ಆದರೆ ಅಳತೆಗೋಲು ಹಿಡಿದ ಮೇಲೆ ನಮ್ಮ ಮನೆಯ ಕಂಬವನ್ನೂ ಅದರಲ್ಲೇ ಅಳೆಯಬೇಕಾಗುತ್ತದೆ. ಅಂಜದೀವ್ ಹಿಡಿಯುವಾಗ ನಮ್ಮ ಏಳು ನಾವಿಕರು ಸತ್ತರು ಎಂಬುದನ್ನೂ ಹೇಳದೆ ಈ ಉತ್ತರ ಮುಗಿಸಲು ಮನಸ್ಸಾಗುವುದಿಲ್ಲ.

ಕಾರ್ಗಿಲ್?

ಅದು ತಿರುಗುಮುರುಗಾದ ವೇಷ. 1999ರಲ್ಲಿ ಬೆಟ್ಟ ಹತ್ತಿ ಕೂತವರು ಮುಜಾಹಿದೀನ್‌ಗಳು, ನಮ್ಮ ಸೈನಿಕರಲ್ಲ ಎಂದು ಪಾಕಿಸ್ತಾನ ಹೇಳಿತು. ಕೂತವರು ಪಾಕಿಸ್ತಾನದ್ದೇ ಪಡೆಯಾದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯವರು. ಯುದ್ಧದ ನಂತರ ಅದೇ ಸರ್ಕಾರ ಅಲ್ಲಿ ಸತ್ತ ಅಧಿಕಾರಿಗೆ ಅತ್ಯುನ್ನತ ಸೇನಾ ಪದಕ ಕೊಟ್ಟಿತು. ಹುಸಿ ಹೊಡೆತ ತೋರಿಸುವುದಕ್ಕೆ ಮಾತ್ರವಲ್ಲ, ನಿಜವಾದ ಹೊಡೆತ ಮುಚ್ಚುವುದಕ್ಕೂ ವೇಷ ಬೇಕಾಗುತ್ತದೆ.

ಮೂರು ನಾಲ್ಕು ದೇಶ ಸೇರಿ ನೆಪ ಮಾಡಿದ್ದು ಉಂಟಾ?

1956ರ ಸುಯೆಜ್. ಈಜಿಪ್ಟಿನ ಅಧ್ಯಕ್ಷ ನಾಸರ್ ಜುಲೈ 26ರಂದು, ಬ್ರಿಟಿಷ್–ಫ್ರೆಂಚ್ ಹಿಡಿತದಲ್ಲಿದ್ದ ಸುಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ. ಅಕ್ಟೋಬರ್‌ನಲ್ಲಿ ಪ್ಯಾರಿಸ್ ಬಳಿಯ ಸೆವ್ರ್‌ನ ಒಂದು ಮನೆಯಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಗುಟ್ಟಾಗಿ ಕೂತು ಮೂವರ ಪಾತ್ರ ಹಂಚಿಕೊಂಡವು. ಇಸ್ರೇಲ್ ದಾಳಿ ಮಾಡುವುದು, ಉಳಿದಿಬ್ಬರು ‘ಜಗಳ ಬಿಡಿಸಲು’ ಬರುವುದು. 29ಕ್ಕೆ ದಾಳಿ, 30ಕ್ಕೆ ‘ಇಬ್ಬರೂ ಕಾಲುವೆಯಿಂದ ಹತ್ತು ಮೈಲು ದೂರ ಸರಿಯಿರಿ’ ಎಂಬ ಗಡುವು. ಇಸ್ರೇಲಿ ಸೈನ್ಯ ಇನ್ನೂ ಕಾಲುವೆಯ ಹತ್ತಿರ ಬಂದೇ ಇರಲಿಲ್ಲ! ಬ್ರಿಟಿಷ್ ಪ್ರಧಾನಿ ಈಡನ್ ಈ ಒಪ್ಪಂದದ ತಮ್ಮ ಕಡೆಯ ಪ್ರತಿಯನ್ನು ನಾಶ ಮಾಡಿಸಿ, ಮೊದಲೇ ಗೊತ್ತಿರಲಿಲ್ಲವೆಂದು ಸಂಸತ್ತಿನಲ್ಲಿ ಹೇಳಿದರು. ಇಸ್ರೇಲ್ ತನ್ನ ಪ್ರತಿಯನ್ನು ಜೋಪಾನವಾಗಿ ಇಟ್ಟಿತ್ತು.

ಹಾಗಾದರೆ ಎಲ್ಲ ದಾಳಿಯೂ ಅವರವರ ಸರ್ಕಾರದ್ದೇ ನಾಟಕ ಅಂತಾಯ್ತು.

ಆಗಲಿಲ್ಲ. ಈ ಮಾತು ಕೇಳಿದಾಗ ನನಗೆ ನನ್ನ ಪಾಠದ ಮೇಲೇ ಅನುಮಾನ ಹುಟ್ಟುತ್ತದೆ. ಜಪಾನ್ ಅಮೆರಿಕದ ಮೇಲೆ ಮಾಡಿದ ಪರ್ಲ್ ಹಾರ್ಬರ್ ದಾಳಿ ಮೊದಲೇ ಗೊತ್ತಿದ್ದೂ ಅಧ್ಯಕ್ಷ ರೂಸ್‌ವೆಲ್ಟ್ ಸುಮ್ಮನಿದ್ದರು ಎಂಬ ಕಥೆ ಎಂಬತ್ತು ವರ್ಷದಿಂದ ಓಡಾಡುತ್ತಿದೆ, ಅದಕ್ಕೆ ಆಧಾರ ಇಲ್ಲ. ಮೇಯ್ನ್ ಹಡಗನ್ನು ಅಮೆರಿಕವೇ ಸ್ಫೋಟಿಸಿತು ಎಂಬುದಕ್ಕೂ ಇಲ್ಲ. ನಾಟಕದ ಪ್ರಸ್ತಾಪ ಬಂದು ತಿರಸ್ಕಾರವಾದದ್ದೂ ಉಂಟು. 1962ರಲ್ಲಿ ಕ್ಯೂಬಾದ ಮೇಲೆ ಗೂಬೆ ಕೂರಿಸಲು ಹುಸಿ ದಾಳಿಗಳನ್ನು ನಡೆಸೋಣ ಎಂದು ಅಮೆರಿಕದ ಸೇನಾ ಮುಖ್ಯಸ್ಥರು ‘ನಾರ್ತ್‌ವುಡ್ಸ್’ ಎಂಬ ಕಡತವನ್ನೇ ಬರೆದರು. ಕೆನೆಡಿ ಸರ್ಕಾರ ಒಪ್ಪಲಿಲ್ಲ.

ಪುರಾವೆ ಇಲ್ಲದೆ ‘ನಾಟಕ’ ಎನ್ನುವವನೂ, ಪುರಾವೆ ಇಲ್ಲದೆ ‘ದಾಳಿ’ ಎನ್ನುವ ಮಂತ್ರಿಯೂ ನನ್ನ ತರಗತಿಯಲ್ಲಿ ಒಂದೇ ಬೆಂಚು.

ನಾಳೆ ಸುದ್ದಿ ಬಂದರೆ ನಾವು ಗುರುತಿಸುವುದು ಹೇಗೆ?

ತಕ್ಷಣಕ್ಕೆ ಗುರುತಿಸಲು ಆಗುವುದಿಲ್ಲ, ಇದು ಬೇಸರದ ಉತ್ತರ. ಆದರೆ ಕೆಲವು ಕಡೆ ಕಣ್ಣಿಡಬಹುದು. ಘಟನೆಗೂ ತೀರ್ಮಾನಕ್ಕೂ ನಡುವೆ ಎಷ್ಟು ಗಂಟೆ? ತನಿಖೆಗೆ ಹೊರಗಿನವರನ್ನು ಬಿಟ್ಟರಾ? ಸಾಕ್ಷಿ ಯಾರು, ಅವರ ಸಂಬಳ ಯಾರದು? ಕೊಡುತ್ತಿರುವ ಉತ್ತರ ಪೆಟ್ಟಿನ ಗಾತ್ರಕ್ಕೆ ತಕ್ಕದ್ದಾ?

ಈಗಿನ ಕಾಲಕ್ಕೆ ಒಂದು ಅನುಕೂಲ, ಫೈಲುಗಳು ಬಾಯಿಬಿಡುತ್ತವೆ. 2022ರ ಫೆಬ್ರವರಿ 18ರಂದು ಪೂರ್ವ ಉಕ್ರೇನಿನ ರಷ್ಯಾ ಪರ ನಾಯಕರು ‘ಉಕ್ರೇನ್ ದಾಳಿಗೆ ಬರುತ್ತಿದೆ, ಜನರನ್ನು ತುರ್ತಾಗಿ ಸ್ಥಳಾಂತರಿಸುತ್ತಿದ್ದೇವೆ’ ಎಂದು ವಿಡಿಯೋ ಬಿಟ್ಟರು. ವಿಡಿಯೋದ ಒಳಗಿನ ಮಾಹಿತಿ ತೆಗೆದು ನೋಡಿದರೆ ಅದನ್ನು ಚಿತ್ರಿಸಿದ್ದು 16ರಂದು. ಎರಡು ದಿನ ಹಿಂದಿನ ತುರ್ತು! 24ಕ್ಕೆ ರಷ್ಯಾದ ಸೈನ್ಯ ಉಕ್ರೇನಿಗೆ ನುಗ್ಗಿತು. ಗ್ಲೈವಿಟ್ಸ್‌ನ ಸತ್ಯಕ್ಕೆ ಆರು ವರ್ಷ, ಟೊಂಕಿನ್‌ನದಕ್ಕೆ ನಲವತ್ತೊಂದು ವರ್ಷ ಬೇಕಾಯಿತು. ಇದಕ್ಕೆ ಒಂದು ದಿನವೂ ಬೇಕಾಗಲಿಲ್ಲ. ಯುದ್ಧ ಮಾತ್ರ ನಿಲ್ಲಲಿಲ್ಲ.

ಸುಳ್ಯ, ಪುತ್ತೂರಿನವರು ನಾವು. ನಮ್ಮ ಅಮರ ಸುಳ್ಯದ ದಂಗೆಗೂ ಇದಕ್ಕೂ ಸಂಬಂಧ ಉಂಟು ಎಂದಿರಿ?

ಉಂಟು. 1834ರಲ್ಲಿ ಕಂಪೆನಿ ಕೊಡಗಿನ ಮೇಲೆ ಯುದ್ಧಕ್ಕೆ ಹೋಯಿತು. ಅರಸ ಚಿಕ್ಕವೀರರಾಜೇಂದ್ರನ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಓಡಿ ಬಂದು ಮೈಸೂರಿನಲ್ಲಿ ಇಂಗ್ಲಿಷರ ಆಶ್ರಯ ಪಡೆದಿದ್ದರು. ಅವರನ್ನು ಒಪ್ಪಿಸಿ ಎಂದು ಅರಸ ಹಟ ಹಿಡಿದ, ಕಂಪೆನಿ ಕಳಿಸಿದ ದೂತನನ್ನು ತಡೆದಿಟ್ಟುಕೊಂಡ. ಅರಸ ಕ್ರೂರಿ ಎಂದೂ ಕಂಪೆನಿ ಸಾರಿತು. ಕ್ರೂರಿ ಇದ್ದಿರಬಹುದು. ಆದರೆ ಕ್ರೂರಿಯನ್ನು ಇಳಿಸಿದ ಮೇಲೆ ಆ ಮನೆತನದ ಇನ್ನೊಬ್ಬರನ್ನು ಕೂರಿಸಲಿಲ್ಲ, ರಾಜ್ಯವನ್ನೇ ಇಟ್ಟುಕೊಂಡಿತು. ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರು ಸೀಮೆಯನ್ನು ಕತ್ತರಿಸಿ ಕೆನರಾಕ್ಕೆ ಅಂಟಿಸಿತು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಎಂದಿತು. ಬೆಳೆ ಕೈಯಲ್ಲಿದ್ದವನಿಗೆ ಕಾಸು ಎಲ್ಲಿಂದ?

ಮೂರು ವರ್ಷದಲ್ಲಿ ರೈತರು ಎದ್ದರು. 1837ರ ಏಪ್ರಿಲ್‌ನಲ್ಲಿ ಅವರ ದಂಡು ಬಂಟ್ವಾಳದ ಮೇಲಿಂದ ಮಂಗಳೂರಿಗೆ ಬಂದು ಹದಿಮೂರು ದಿನ ಊರನ್ನು ಹಿಡಿದಿಟ್ಟುಕೊಂಡಿತು. ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಆಮೇಲೆ ತಲಚೇರಿ, ಕಣ್ಣೂರಿನ ಕಡೆಯಿಂದ ಪಡೆ ಬಂತು, ಬಿಕರ್ನಕಟ್ಟೆಯಲ್ಲಿ ನೇಣುಗಂಬ ನಿಂತಿತು. ದೇವಮ್ಮಾಜಿಯ ಹೆಸರೂ ಕೇಳದ ಒಕ್ಕಲಿಗ ಅಲ್ಲಿ ನೇತಾಡಿದ.

ಮಂಗಳೂರಿನಲ್ಲಿ ಇದರ ಕುರುಹು ನೋಡಬೇಕಿದ್ದರೆ ಎಲ್ಲಿಗೆ ಹೋಗುವುದು?

ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಗುರುಪುರ ನದಿಯೊಳಗೆ ಯುದ್ಧಹಡಗು ಬರದಂತೆ ಕಾಯಲು ಟಿಪ್ಪು ಕಟ್ಟಿಸಿದ ಕಾವಲು ಗೋಪುರ, ಫಿರಂಗಿಯ ಕಂಡಿಗಳು ಈಗಲೂ ನದಿಯನ್ನೇ ನೋಡುತ್ತಿವೆ. ಕೆಳಗೆ ನೆಲಮಾಳಿಗೆ ಉಂಟು, ಮದ್ದು ಇಡುತ್ತಿದ್ದರು ಎನ್ನುತ್ತಾರೆ. ಪಕ್ಕದಿಂದ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ನನ್ನ ವಿದ್ಯಾರ್ಥಿಗಳನ್ನು ಅಲ್ಲಿ ನಿಲ್ಲಿಸಿ ನೂರು ಫ್ರೆಂಚರು ಇಳಿದ ಕಥೆ ಹೇಳುತ್ತಿದ್ದೆ. ಅರ್ಧ ಜನ ಕೇಳುತ್ತಿದ್ದರು, ಉಳಿದರ್ಧ ದೋಣಿ ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು. ಸಂಜೆ ಐದರ ಮೇಲೆ ಹೋದರೆ ಬೆಳಕು ಚೆಂದ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಜಾಗ್ರತೆ.